ಟೊಪ್ಪಿ ತೊಟ್ಟ ಸೌರಫಲಕ

ಟೊಪ್ಪಿಯಿಲ್ಲದೆ ಬಿಸಿಲಿಗೆ ಬಂದವರನ್ನು ನೆರಳಿನ ಬೆಂಚಿನ ಮೇಲೆ ಕೂರಿಸತಕ್ಕದ್ದು ಎಂಬುದು ಕ್ವೀನ್ಸ್‌ಲ್ಯಾಂಡಿನ ನಮ್ಮ ವಾಟಲ್ ಕ್ರೀಕ್ ಶಾಲೆಯ ನಿಯಮ. ಈ ವರ್ಷ ಅದನ್ನು ಮೊದಲು ಮುರಿದದ್ದು ನಾನಲ್ಲ, ಒಂದು ಸೌರಫಲಕ.

ಫಲಕ ಹಾಕಿಸಿದ್ದು ಕ್ಯಾಂಟೀನಿನ ಡೋರೀನಮ್ಮನ ಫ್ರೀಜರಿಗಾಗಿ. ಶುಕ್ರವಾರದ ಈಜು ಸ್ಪರ್ಧೆಯ ದಿನ ಐಸ್‌ಕ್ಯಾಂಡಿ ಗಟ್ಟಿಯಾಗಿರದಿದ್ದರೆ, ಅಂದೇ ಸಂಜೆ ಶಾಲೆಯ ಗಂಟೆ ಹೊಡೆಯುವುದರೊಳಗೆ ಸಹಿಯಾಗಿ ಕ್ಯಾಂಟೀನನ್ನು ಹೊರಗಿನ ಕಂಪನಿಗೆ ಬರೆದುಕೊಡುವುದೆಂದು, ಆ ಗಡುವು ತಪ್ಪಿದರೆ ಇಲ್ಲವೆಂದು ತೀರ್ಮಾನವಾಗಿತ್ತು.

ಸೋಮವಾರ ಉಪಪ್ರಾಂಶುಪಾಲ ಕ್ರೌಚ್ ಸಾಹೇಬರು ತಪಾಸಣೆಗೆ ಬಂದರು. "ಏನ್ರೀ ಇದು, ಬಿಸಿಲಲ್ಲಿ ಬರೀಮೈಲಿ ಮಲಗಿದೆ!"

"ಬರೀಮೈ ಅಲ್ಲ ಸಾರ್," ಎಂದರು ವಿಜ್ಞಾನದ ಟೀಚರ್ ಲಿಯೋನಿ. "ಗಾಜಿಗೆ ತೆಳ್ಳಗೆ ಜಿಂಕ್ ಆಕ್ಸೈಡ್ ಲೇಪ ಇದೆ. ಬೆಳಕನ್ನ ಒಳಗೆ ಬಿಡುತ್ತೆ, ಕರೆಂಟನ್ನ ಹೊರಗೆ ತರುತ್ತೆ."

"ಜಿಂಕಾ? ಬಿಸಿಲು ಸುಡದಿರಲಿ ಅಂತ ನಾವು ಮೂಗಿಗೆ ಹಚ್ಚೋ ಬಿಳಿ ಮುಲಾಮಾ?"

"ಹೆಚ್ಚುಕಮ್ಮಿ ಅದೇ. ಆದ್ರೆ ಪಾರದರ್ಶಕ."

"ಕಾಣ್ತಾನೇ ಇಲ್ವಲ್ಲ!"

"ಕಾಣಬಾರ್ದು ಸಾರ್. ಕಂಡ್ರೆ ಕೆಟ್ಟಿದೆ ಅಂತ."

ಸಾಹೇಬರು ನಕ್ಕರು. "'ಹಚ್ಕೊಂಡಿದೀನಿ, ಕಾಣಲ್ಲ ಅಷ್ಟೇ' ಅಂತಾನೇ ಎಂಟನೇ ಕ್ಲಾಸಿನ ಕಳ್ಳರೂ ಹೇಳ್ತಾರೆ ತಾಯಿ!"

ಮಧ್ಯಾಹ್ನ ಮೈಕಿನಲ್ಲಿ ಪ್ರಕಟಣೆ ಬಂತು: "ಬೆಳ್ಳಗೆ ಕಾಣದ ಜಿಂಕನ್ನು ಹಚ್ಚಿದ್ದೆಂದು ಪರಿಗಣಿಸಲಾಗುವುದಿಲ್ಲ. ಇದು ಫಲಕಗಳಿಗೂ ಅನ್ವಯಿಸುತ್ತದೆ."

ಎರಡು ಗಂಟೆಗೊಮ್ಮೆ ಫಲಕಕ್ಕೆ ಬಿಳಿ ಜಿಂಕ್ ಹಚ್ಚುವ ಹೊಣೆ ನಮ್ಮ ತರಗತಿಯದು. ಗೋಡೆಗೆ ಬಣ್ಣ ಬಳಿಯುವ ರೋಲರಿನಿಂದ ಶ್ರದ್ಧೆಯಾಗಿ ಬಳಿದೆವು. ಕಿವಿಯ ಹಿಂದೆ ಮರೆಯಬಾರದೆಂಬ ನಿಯಮವಿರುವುದರಿಂದ ತಂತಿಗಳ ಹಿಂದೆಯೂ ಹಚ್ಚಿದೆವು. ಫಲಕದ ಅಳತೆಗೆ ಟೊಪ್ಪಿ ಸಿಗದೆ ಕ್ರಿಕೆಟ್ ಪಿಚ್ಚಿನ ಹೊದಿಕೆ ಮಂಜೂರಾಯಿತು.

ಫ್ರೀಜರ್ ನಿಂತಿತು. ಡೋರೀನಮ್ಮ ಸೌಟು ಹಿಡಿದೇ ಓಡಿಬಂದರು. "ಕ್ಯಾಂಡಿ ಎಲ್ಲಾ ನೀರಾಗ್ತಿದೆ! ಆ ಟೊಪ್ಪಿ ತೆಗೀರಪ್ಪ!"

"ಒಬ್ಬರಿಗೆ ಬಿಟ್ರೆ ಎಲ್ಲರೂ ತೆಗೀತಾರೆ, ಡೋರೀನ್," ಎಂದರು ಕ್ರೌಚ್ ಸಾಹೇಬರು. "ಫಲಕದ ಮೈ ಸುಟ್ಟಿದ್ಯಾ?"

"ಇಲ್ಲ."

"ಮತ್ತೆ!"

ಶುಕ್ರವಾರವೂ ಕ್ಯಾಂಡಿ ಗಟ್ಟಿಯಾಗಿರಲಿಲ್ಲ. ಕಂಪನಿಯವರೊಬ್ಬರು ಸಹಿ ಹಾಕಲು ಪೆನ್ನು ತೆಗೆದುಕೊಂಡೇ ಬಂದರು. ಗೇಟು ದಾಟುವಾಗ ಅವರ ತಲೆಯ ಮೇಲೊಂದು ಟೊಪ್ಪಿಯಿತ್ತು. ಅಂಗಳದ ಮಧ್ಯಕ್ಕೆ ಬರುವಾಗ ಇರಲಿಲ್ಲ. ಅದು ಎಲ್ಲಿ ಹೋಯಿತೆಂಬ ಬಗ್ಗೆ ನಮ್ಮ ತರಗತಿಯಲ್ಲಿ ಯಾವುದೇ ಮಾಹಿತಿ ಲಭ್ಯವಿಲ್ಲ. ಕ್ರೌಚ್ ಸಾಹೇಬರು ನಿಯಮದಂತೆ ಅವರನ್ನು ನೆರಳಿನ ಬೆಂಚಿನ ಮೇಲೆ ಕೂರಿಸಿದರು.

"ಸಾರ್, ಸಹಿ..."

"ಗಂಟೆ ಹೊಡೆಯೋವರೆಗೂ ಏಳಂಗಿಲ್ಲ."

ಗಂಟೆ ಹೊಡೆಯಿತು, ಗಡುವು ಮುಗಿಯಿತು, ಕ್ಯಾಂಟೀನು ಡೋರೀನಮ್ಮನಲ್ಲೇ ಉಳಿಯಿತು. ವರ್ಷದ ಬಿಸಿಲು ಸುರಕ್ಷತಾ ಪ್ರಶಸ್ತಿಫಲಕ ಸೌರಫಲಕಕ್ಕೇ ಸಂದಿತು. ಕ್ಯಾಂಡಿಯನ್ನು ಈಗ ಲೋಟದಲ್ಲಿ ಕೊಡುತ್ತಾರೆ, ಕಲಕಲು ಕಡ್ಡಿ ಉಚಿತ. ಅವತ್ತು ಕಂಪನಿಯವರೂ ಬೆಂಚಿನ ಮೇಲಿಂದಲೇ ಒಂದು ತರಿಸಿಕೊಂಡು ಕಲಕಿದರು, ಮೂಗಿಗೆ ಬೆಳ್ಳಗೆ ಜಿಂಕ್ ಹಚ್ಚಿಕೊಂಡು.