ಶಿರಸ್ತೇದಾರರ ಮನೆಯ ಡೇರೆ ಗೆಡ್ಡೆ

ಆ ಸಲದ ಗೌರಿ ಹಬ್ಬಕ್ಕೆ ಊಟದ ತಟ್ಟೆಯಷ್ಟು ಅಗಲದ ಡೇರೆ ಹೂ ಬೆಳೆದು ತೋರಿಸುತ್ತೇನೆ ಎಂದು ನಾನು ಸೊರಬದಲ್ಲಿ, ಅತ್ತೆಯ ಮನೆಯ ಜಗಲಿಯ ಮೇಲೆ, ಎಂಟು ಜನ ಹೆಂಗಸರ ಎದುರಿಗೆ ಘೋಷಿಸಿದೆ. ಘೋಷಿಸುವಾಗ ಡೇರೆ ಗಿಡದ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ: ಅದು ಹೂ ಬಿಡುತ್ತದೆ.

ತಪ್ಪು ಪೂರ್ತಿ ನನ್ನದಲ್ಲ. ಸೊರಬದ ಹೆಂಗಸರು, ಪೇಟೆಯವರು ಡೇಲಿಯಾ ಎನ್ನುವ ಈ ಡೇರೆಯ ಮಾತಿಗೆ ಕೂತರೆ ಒಲೆಯ ಮೇಲಿನ ಸಾರು ಹೊತ್ತಿದರೂ ಏಳುವವರಲ್ಲ. ಯಾರ ಮನೆಯ ಹಳದಿ ದೊಡ್ಡದು, ಯಾರ ಮನೆಯ ಕೆಂಪಿಗೆ ಎಸಳು ಜಾಸ್ತಿ ಎಂದು ಬೆಳಗಿನಿಂದ ಲೆಕ್ಕಾಚಾರ ನಡೆದಿತ್ತು. ಕೊನೆಗೆ ನನ್ನ ಅತ್ತೆ ಬಸವಣ್ಣೆಮ್ಮನವರು ನನ್ನ ಕಡೆ ತಿರುಗಿ, "ಶಿಕಾರಿಪುರದಲ್ಲಿ ಎಲ್ಲಾ ಇದೆ ಅಳಿಯಂದ್ರೆ, ಒಂದು ಡೇರೆ ಹೂವಿಲ್ಲ ನೋಡಿ. ನಮ್ಮ ನೀಲಾ ಹಬ್ಬದ ದಿನ ಬರೀ ತಲೇಲಿ ಇರ್ತಾಳೆ" ಎಂದು ನಿಟ್ಟುಸಿರು ಬಿಟ್ಟರು. ನೀಲಾ ಎಂದರೆ ನೀಲಾಂಬಿಕ, ನನ್ನ ಹೆಂಡತಿ. ಅವಳೂ ಪಕ್ಕದಲ್ಲೇ ಕೂತು ತಾಯಿಗಿಂತ ಉದ್ದವಾದ ನಿಟ್ಟುಸಿರು ಬಿಟ್ಟಳು.

ನನಗೆ ರೇಗಿತು. "ಡೇರೆಗೆ ಬೇಕಾದ್ದು ಬಿಸಿಲು! ನಿಮ್ಮ ಸೊರಬದೋರು ಮಳೆಗಾಲದಲ್ಲಿ ಸೂರ್ಯನ ಮುಖ ನೋಡಬೇಕಾದ್ರೆ ಬಸ್ಸು ಹತ್ತಿ ನಮ್ಮೂರಿಗೆ ಬರಬೇಕು. ಇಲ್ಲೇ ಇಷ್ಟು ಹೂವಾದ್ರೆ ನಮ್ಮಲ್ಲಿ ಎಷ್ಟಾಗಬೇಡ?" ಎಂದೆ. ಅತ್ತೆ ಎದ್ದು ಒಳಗೆ ಹೋಗಿ, ಆರು ಗೆಡ್ಡೆಗಳನ್ನು ಬಟ್ಟೆಯ ಚೀಲದಲ್ಲಿ ಹಾಕಿ ನನ್ನ ಕೈಗಿಟ್ಟರು.

ಅವನ್ನು ಹಿತ್ತಲಿನಲ್ಲಿ, ಬಿಸಿಲು ಚೆನ್ನಾಗಿ ಬೀಳುವ ಜಾಗದಲ್ಲೇ ನೆಟ್ಟೆ. ಮೊಳಕೆ ಬಂತೋ ಇಲ್ಲವೋ ಎಂದು ದಿನಾ ಬೆಳಿಗ್ಗೆ ಅಗೆದು ನೋಡುತ್ತಿದ್ದೆ. ನೋಡಿದ ಮೇಲೆ ಮಣ್ಣು ಮುಚ್ಚಿ, ಗೆಡ್ಡೆಗೆ ಬೇಸರವಾಗಿರಬಹುದೆಂದು ಒಂದು ಕೊಡ ನೀರು ಹಾಕುತ್ತಿದ್ದೆ. ಹತ್ತನೆಯ ದಿನ ಅಗೆದಾಗ ಗೆಡ್ಡೆಗಳು ಕೈಗೆ ಬರಲಿಲ್ಲ, ಬೆರಳಿಗೆ ಅಂಟಿಕೊಂಡವು.

ನೀಲಾ ಬಂದು ನೋಡಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಶಾಂತವಾಗಿ, "ನಿಮ್ಮ ತಪ್ಪಲ್ಲ ಬಿಡ್ರಿ. ಕೇಳಿ ತಂದ ಗೆಡ್ಡೆ ಬರಲ್ಲ. ಡೇರೇನ ಕದ್ದೇ ತರಬೇಕು, ಆಗಲೇ ಅದು ಚಿಗುರೋದು. ಸೊರಬದಲ್ಲಿ ಸಣ್ಣ ಮಕ್ಕಳಿಗೂ ಗೊತ್ತು" ಎಂದಳು.

ಗೆಡ್ಡೆ ಕೊಳೆತದ್ದಕ್ಕೆ ಕಾರಣ ನನ್ನ ಹತ್ತು ಕೊಡ ನೀರಲ್ಲ, ಅದು ಪ್ರಾಮಾಣಿಕವಾಗಿ ಬಂದದ್ದು ಎಂದು ತಿಳಿದು ನನಗೆ ಬಹಳ ಸಮಾಧಾನವಾಯಿತು. ಈ ಸಿದ್ಧಾಂತವನ್ನು ನಾನು ಆ ಕ್ಷಣವೇ ಒಪ್ಪಿಕೊಂಡೆ. ಒಪ್ಪಿಕೊಳ್ಳಬಾರದಿತ್ತು.

"ಶಿರಸ್ತೇದಾರರ ಮನೇಲಿ ಗೆಡ್ಡೆ ಹೊರಗೆ ತೆಗ್ದಿದಾರಂತೆ" ಎಂದು ನೀಲಾ ಮುಂದುವರಿಸಿದಳು. "ಮಧ್ಯಾಹ್ನ ಮೊರದಲ್ಲಿ ಹಾಕಿ ಜಗಲಿ ಮೇಲೆ ಬಿಸಿಲಿಗೆ ಇಡ್ತಾರೆ. ಕಡುಗೆಂಪು ಹೂವು, ಎಸಳಿನ ತುದಿ ಮಾತ್ರ ಬಿಳಿ. ಇಡೀ ಊರಲ್ಲಿ ಅವರ ಮನೇಲಿ ಮಾತ್ರ ಇರೋದು."

ನಾನು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಅದೂ ಖಾಯಂ ಆಗಿರದ ಗುಮಾಸ್ತ. ನನ್ನನ್ನು ಖಾಯಂ ಮಾಡಬೇಕೋ ಬೇಡವೋ ಎಂದು ಆ ವರ್ಷ ವರದಿ ಬರೆಯಬೇಕಾಗಿದ್ದವರು ಶಿರಸ್ತೇದಾರ್ ಹುಚ್ಚರಾಯಪ್ಪನವರು. ಆ ವರದಿಯಲ್ಲಿ ‘ನಡತೆ’ ಎಂದು ಒಂದು ಕಾಲಂ ಇರುತ್ತದೆ.

"ಸರ್ಕಾರಿ ನೌಕರ ನಾನು! ನಮ್ಮ ಸಾಹೇಬರ ಮನೇಲೇ ಕಳ್ಳತನ ಮಾಡ್ಲಾ? ಪೀನಲ್ ಕೋಡಿನಲ್ಲಿ ಇದಕ್ಕೆ ಮೂರು ವರ್ಷ ಐತೆ!"

"ಅದನ್ನ ಬರೆದೋರ ಮನೇಲಿ ಡೇರೆ ಇರ್ಲಿಲ್ಲ, ಅಷ್ಟೇ."

"ಹಂಗಾದ್ರೆ ನೀನೇ ಹೋಗಿ ಕದ್ದುಕೊಂಡು ಬಾ."

"ಎಂಟು ಜನರ ಮುಂದೆ ಮಾತು ಕೊಟ್ಟೋಳು ನಾನಾ?"

ಮರುದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಕೋಟು, ಟೋಪಿ, ಛತ್ರಿ ಸಮೇತ ಹೊರಟೆ. ಕಳ್ಳತನಕ್ಕೆ ಹೋಗುವಾಗಲೂ ಕಚೇರಿಯ ಮರ್ಯಾದೆ ಬಿಡಬಾರದು. ಶಿರಸ್ತೇದಾರರ ಜಗಲಿಯ ಮೇಲೆ ಮೊರವಿತ್ತು. ಮೊರದಲ್ಲಿ ಗೆಡ್ಡೆಗಳಿದ್ದವು. ಪಕ್ಕದಲ್ಲಿ, ಬಿಸಿಲಿನಲ್ಲೇ, ಬೆತ್ತದ ಕುರ್ಚಿಯಲ್ಲಿ ಸ್ವತಃ ಶಿರಸ್ತೇದಾರರು ಮುಖದ ಮೇಲೆ ಪತ್ರಿಕೆ ಹಾಕಿಕೊಂಡು ನಿದ್ದೆ ಮಾಡುತ್ತಿದ್ದರು. ನಾನು ಬೀದಿಯಲ್ಲಿ ಎರಡು ಸಲ ಆ ಕಡೆ, ಎರಡು ಸಲ ಈ ಕಡೆ ನಡೆದು, ಮನೆಗೆ ಬಂದು ಊಟ ಮಾಡಿದೆ.

ಎರಡನೆಯ ದಿನ ಧೈರ್ಯ ಮಾಡಿ ಮೆಟ್ಟಿಲು ಹತ್ತಿದೆ. ಮೊರಕ್ಕೆ ಕೈ ಹಾಕಬೇಕು, ಅಷ್ಟರಲ್ಲಿ ಶಿರಸ್ತೇದಾರರು ಜೋರಾಗಿ ಒಂದು ಗೊರಕೆ ಹೊಡೆದರು. ಪತ್ರಿಕೆ ಜಾರಿ ಕೆಳಗೆ ಬಿತ್ತು. ನನಗೆ ಏನು ಮಾಡಬೇಕೋ ತೋಚಲಿಲ್ಲ. ಪತ್ರಿಕೆ ಎತ್ತಿ, ಮಡಿಕೆ ಸರಿಮಾಡಿ, ಅವರ ಮುಖದ ಮೇಲೆ ಮೆಲ್ಲಗೆ ಹೊದಿಸಿ, ಕೈಮುಗಿದು ಕೆಳಗಿಳಿದು ಬಂದೆ.

"ತಂದ್ರಾ?" ಎಂದಳು ನೀಲಾ.

"ಸಾಹೇಬರಿಗೆ ಮುಖದ ಮೇಲೆ ಬಿಸಿಲು ಬೀಳ್ತಿತ್ತು. ಅದನ್ನ ಸರಿಮಾಡಿ ಬಂದೆ."

ಅವಳು ನನಗೆ ಎರಡನೆಯ ಸಲ ಅನ್ನ ಬಡಿಸಲಿಲ್ಲ.

ಮೂರನೆಯ ದಿನ ಕದ್ದೆ. ಎರಡು ಗೆಡ್ಡೆ. ಮಡಿಚಿದ ಛತ್ರಿಯೊಳಗೆ ಇಳಿಬಿಟ್ಟುಕೊಂಡು ಬೀದಿಗೆ ಬಂದೆ. ನಾಲ್ಕು ಹೆಜ್ಜೆ ಹಾಕಿರಲಿಲ್ಲ, ಎಲ್ಲಿತ್ತೋ ಏನೋ, ಮೃಗಶಿರೆಯ ಮಳೆ ದಬದಬ ಸುರಿಯತೊಡಗಿತು. ಛತ್ರಿ ಬಿಚ್ಚುವ ಹಾಗಿಲ್ಲ. ಅದನ್ನು ಎದೆಗೆ ಒತ್ತಿಕೊಂಡು ನೆನೆಯುತ್ತ ನಡೆದೆ. ಅಂಗಡಿಯ ಸೂರಿನಡಿ ನಿಂತಿದ್ದ ನಮ್ಮ ಕಚೇರಿಯ ಪಂಚಾಕ್ಷರಪ್ಪ ಕೂಗಿದ: "ಯಾಕ್ರೀ ಚಂದ್ರಶೇಖರಪ್ಪ, ಛತ್ರಿ ಬಿಚ್ಚಂಗಿಲ್ಲೇನು?"

"ಹೊಸಾದು ಕಣ್ರೀ! ನೆಂದ್ರೆ ಹಾಳಾಗ್ತದೆ!"

ಅವನು ಈ ಉತ್ತರದ ಬಗ್ಗೆ ಬಹಳ ಹೊತ್ತು ಯೋಚಿಸಿದನೆಂದು ಕಾಣುತ್ತದೆ. ಆಮೇಲೆ ಒಂದು ವಾರ ನನ್ನೊಡನೆ ಬಹಳ ಮೆತ್ತಗೆ ಮಾತಾಡಿದ.

ಒಂದು ಹಳೆಯ ಸೀಮೆಎಣ್ಣೆ ಡಬ್ಬಕ್ಕೆ ಮಣ್ಣು, ಹಟ್ಟಿಗೊಬ್ಬರ ತುಂಬಿ ನೀಲಾ ತಾನೇ ಗೆಡ್ಡೆ ನೆಟ್ಟಳು. ನಾನು ಅಗೆದು ನೋಡಕೂಡದೆಂದು ಕಟ್ಟಪ್ಪಣೆಯಾಯಿತು. ಹನ್ನೆರಡನೆಯ ದಿನ ಒಂದು ಗೆಡ್ಡೆಯಿಂದ ಹೆಬ್ಬೆರಳು ಗಾತ್ರದ ಚಿಗುರು ಎದ್ದಿತು. ಕಳ್ಳತನದ ಬಗ್ಗೆ ನನಗೆ ಗೌರವ ಮೂಡಿತು.

ಆ ಗೌರವ ಇದ್ದದ್ದು ಒಂದೇ ದಿನ. ಮರುದಿನ ಕಚೇರಿಯಲ್ಲಿ ಶಿರಸ್ತೇದಾರರು ನನ್ನನ್ನು ಕರೆಸಿದರು.

"ಬರ್ರಿ ಚಂದ್ರಶೇಖರಪ್ಪ. ನಮ್ಮನೇಲಿ ಕಳ್ಳತನ ಆಗೇತಿ ನೋಡ್ರಿ."

"ಹೌದ್ರಾ ಸಾರ್? ಬಂಗಾರವಾ?"

"ಡೇರೆ ಗೆಡ್ಡೆ. ಎರಡು. ನಮ್ಮನೆಯವರು ಊಟ ಬಿಟ್ಟಾರೆ. ಆದ್ರೂ ಕಳ್ಳ ಎಲ್ಲಿಗೆ ಹೋದಾನು? ಹೂ ಬಿಡಲಿ, ಗೊತ್ತಾಗ್ತದೆ. ಆ ಬಣ್ಣ ಊರಾಗೆ ಇನ್ನೊಬ್ಬರ ಮನೇಲಿಲ್ಲ." ಇಷ್ಟು ಹೇಳಿ ಕನ್ನಡಕ ಒರೆಸಿಕೊಂಡರು. "ಅಂದಹಾಗೆ ನಿಮ್ಮ ಖಾಯಂ ವರದಿ ಬರೀಬೇಕು. ಗೌರಿ ಹಬ್ಬ ಕಳೀಲಿ, ಬರಿಯಾಣ."

ಅಲ್ಲಿಂದ ಮುಂದೆ ನಾನು ಅನುಭವಿಸಿದ್ದನ್ನು ಯಾವ ತೋಟಗಾರನೂ ಅನುಭವಿಸಿರಲಾರ. ಲೋಕದವರೆಲ್ಲ ಗಿಡ ಹೂ ಬಿಡಲಿ ಎಂದು ಹರಕೆ ಹೊರುತ್ತಾರೆ. ನಾನು ಬಿಡದಿರಲಿ ಎಂದು ಹೊತ್ತೆ. ಹೂ ಬಿಟ್ಟರೆ ನನ್ನ ನೌಕರಿ ಹೋಯಿತು! ಹಿತ್ತಲಿನ ಬಿಸಿಲಲ್ಲಿದ್ದ ಡಬ್ಬವನ್ನು ಎತ್ತಿ ಸೌದೆ ಕೊಟ್ಟಿಗೆಯ ಕತ್ತಲೆಯಲ್ಲಿಟ್ಟೆ.

"ಡೇರೆಗೆ ಬಿಸಿಲು ಬೇಕು ಅಂತ ನಮ್ಮವ್ವನ ಮುಂದೆ ಭಾಷಣ ಮಾಡಿದೋರು ಯಾರು?" ಎಂದಳು ನೀಲಾ.

"ಎಳೇ ಗಿಡ. ಬಿಸಿಲಿಗೆ ಕಪ್ಪಾಗ್ತದೆ."

ಅವಳು ಡಬ್ಬವನ್ನು ಬಿಸಿಲಿಗೆ ಇಡುತ್ತಿದ್ದಳು. ನಾನು ನೆರಳಿಗೆ ಇಡುತ್ತಿದ್ದೆ. ಆಷಾಢ ಪೂರ್ತಿ ಆ ಡಬ್ಬ ನಮ್ಮಿಬ್ಬರಿಗಿಂತ ಹೆಚ್ಚು ಓಡಾಡಿತು. ಕೊನೆಗೆ ನಾನು ಅದನ್ನು ಕೊಟ್ಟಿಗೆಯ ಮೂಲೆಗೆ ತಳ್ಳಿ ಮುಂದೆ ಒಂದು ಗಾಡಿ ಸೌದೆ ಒಟ್ಟಿಸಿದೆ. ನೀಲಾ ಸೌದೆಯ ಮೇಲಿಂದ ಬಗ್ಗಿ ನೀರು ಮಾತ್ರ ಹಾಕುತ್ತಿದ್ದಳು.

ಬಿಸಿಲು ಕಾಣದ ಡೇರೆ ಸೊರಗಬೇಕು. ಇದು ಉದ್ದವಾಯಿತು. ಆ ಮೂಲೆಯ ಗೋಡೆಯಲ್ಲಿ, ಬೀದಿಯ ಕಡೆಗೆ, ಎದೆಯೆತ್ತರದಲ್ಲಿ ಒಂದು ಕಿಂಡಿ ಇತ್ತು. ಮಧ್ಯಾಹ್ನವೆಲ್ಲ ಆ ಕಿಂಡಿಗೆ ಚೆನ್ನಾಗಿ ಬಿಸಿಲು ಬೀಳುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ, ಏಕೆಂದರೆ ಮಧ್ಯಾಹ್ನವೆಲ್ಲ ನಾನು ಸರ್ಕಾರದ ಕೆಲಸದಲ್ಲಿರುತ್ತಿದ್ದೆ. ಗಿಡಕ್ಕೆ ಗೊತ್ತಿತ್ತು. ಅದು ಹುಡುಕಿಕೊಂಡು ಹೋಗಿ, ಶ್ರಾವಣದ ಕೊನೆಗೆ ಕಿಂಡಿಯಿಂದ ತಲೆ ಹೊರಗೆ ಹಾಕಿ ಬೀದಿ ನೋಡುತ್ತ ನಿಂತಿತು. ಒಳಗೆಳೆಯಲು ಹೋದರೆ ಕಾಂಡ ಲಟಕ್ಕೆನ್ನುವಂತಿತ್ತು. ತಲೆಯಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಮೊಗ್ಗು.

ಹಬ್ಬದ ಹಿಂದಿನ ಸಂಜೆ ಕತ್ತರಿ ಹಿಡಿದು ಬೀದಿಗೆ ಹೋದೆ. ಒಂದು ಸಲ ಕತ್ತರಿಸಿದರೆ ನೌಕರಿ ಉಳಿಯುತ್ತದೆ. ಮೊಗ್ಗು ಸ್ವಲ್ಪ ಬಿರಿದಿತ್ತು. ಒಳಗೆ ಕಡುಗೆಂಪು ಕಾಣುತ್ತಿತ್ತು. ನಾನು ನೀರು ಹಾಕದಿದ್ದರೂ, ಬಿಸಿಲು ತಪ್ಪಿಸಿದರೂ, ಸೌದೆ ಅಡ್ಡ ಹಾಕಿದರೂ ಅದು ಇಷ್ಟು ದೂರ ಬಂದಿತ್ತು. ನನ್ನ ಕೈಯಲ್ಲಿ ಹುಟ್ಟಿದ ಮೊದಲ ಹೂ ಅದು. ಕತ್ತರಿಯನ್ನು ಕೋಟಿನ ಜೇಬಿಗೆ ಹಾಕಿಕೊಂಡು ಒಳಗೆ ಬಂದೆ.

ಬೆಳಿಗ್ಗೆ ಎದ್ದು ನೋಡುವಷ್ಟರಲ್ಲಿ ಹೂ ಅರಳಿತ್ತು. ಊಟದ ತಟ್ಟೆಯಷ್ಟು ಎಂದು ಹೇಳಲಾರೆ. ಸಾರಿನ ಬಟ್ಟಲಿಗಿಂತ ಖಂಡಿತ ದೊಡ್ಡದು. ಸೊರಬದ ಮೊದಲ ಬಸ್ಸಿಗೆ ಬಂದಿಳಿದ ಅತ್ತೆ ಮನೆಯೊಳಗೆ ಕಾಲಿಡದೆ ಬೀದಿಯಲ್ಲೇ ನಿಂತು ಗೋಡೆಯನ್ನು ನೋಡುತ್ತಿದ್ದರು. "ಅಳಿಯಂದ್ರೆ, ನಲವತ್ತು ವರ್ಷದಿಂದ ಡೇರೆ ಬೆಳೆಸ್ತಿದೀನಿ. ಗೋಡೆಯಲ್ಲಿ ಬೆಳೆಸಿದ್ದು ಇದೇ ಮೊದಲು ನೋಡಿದ್ದು ಮಾರಾಯ್ರೆ" ಎಂದರು.

ನಾನು ನೋಡುತ್ತಿದ್ದದ್ದು ಗೋಡೆಯನ್ನಲ್ಲ. ಬೀದಿಯ ಆ ತುದಿಯಿಂದ ಶಿರಸ್ತೇದಾರರ ಹೆಂಡತಿ ನಿರ್ಮಲಮ್ಮನವರು ನೀಲಾಳಿಗೆ ಬಾಗಿನ ಕೊಡಲು ಬರುತ್ತಿದ್ದರು. ಹಿಂದೆ ಬಾಗಿನದ ಮೊರ ಹೊತ್ತು ಶಿರಸ್ತೇದಾರರು. ಇಬ್ಬರೂ ಬಂದು ಸೀದಾ ಹೂವಿನ ಎದುರಿಗೆ ನಿಂತರು.

ನನಗೆ ತಡೆಯಲಾಗಲಿಲ್ಲ. "ಸಾರ್! ಇದು ನಿಮ್ಮ ಮನೆಯದು. ನಾನೇ ಕದ್ದದ್ದು ಸಾರ್! ನನ್ನ ಹೆಂಡ್ತಿದು ಏನೂ ತಪ್ಪಿಲ್ಲ. ವರದಿಯಲ್ಲಿ ಏನು ಬೇಕಾದ್ರೂ ಬರೀರಿ!" ಎಂದು ಬೀದಿಯಲ್ಲೇ ಕೈಮುಗಿದುಬಿಟ್ಟೆ. ಕಣ್ಣಲ್ಲಿ ನೀರು ಬಂದಿತ್ತು.

ನಿರ್ಮಲಮ್ಮನವರು ನನ್ನ ಕಡೆ ನೋಡಲೇ ಇಲ್ಲ. "ಇನ್ನೂ ಹೇಳಿರ್ಲಿಲ್ಲೇನೇ ನೀಲಾ?" ಎಂದರು.

"ಹೂ ಅರಳೋ ತನಕ ಬಾಯಿ ಬಿಡಬ್ಯಾಡ ಅಂದಿದ್ರಲ್ಲ ಅಕ್ಕ" ಎಂದಳು ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ.

ಆಮೇಲೆ ತಿಳಿಯಿತು. ನೀಲಾ ಗೆಡ್ಡೆ ಬೇಕೆಂದು ನಿರ್ಮಲಮ್ಮನವರನ್ನು ಕೇಳಿದ್ದಳು. ಕೊಟ್ಟರೆ ಬರುವುದಿಲ್ಲವಲ್ಲ ಎಂದು ಅವರು ಹೇಳಿದ್ದರು. ಅದಕ್ಕೆ ಇಬ್ಬರೂ ಕೂತು, ದಿನ, ಹೊತ್ತು ಗೊತ್ತುಮಾಡಿ, ಮೊರ ಹೊರಗಿಟ್ಟು, ನನ್ನನ್ನು ಕಳಿಸಿದ್ದರು.

"ನನಗ್ಯಾಕೆ ಹೇಳಲಿಲ್ಲ?" ಎಂದೆ. ದನಿ ಬಹಳ ಸಣ್ಣದಾಗಿತ್ತು.

"ನಿಮಗೆ ಗೊತ್ತಿದ್ರೆ ಅದು ಕಳ್ಳತನ ಹೆಂಗಾಗ್ತಿತ್ರೀ?" ಎಂದಳು ನೀಲಾ. "ಒಬ್ರಾದ್ರೂ ನಿಜವಾಗಿ ಹೆದರಬೇಕಲ್ಲ."

ನಾನು ಶಿರಸ್ತೇದಾರರ ಕಡೆ ತಿರುಗಿದೆ. ಅವರು ಮೊರವನ್ನು ಜಗಲಿಯ ಮೇಲಿಟ್ಟು, ಕುತ್ತಿಗೆ ನೀವಿಕೊಂಡರು.

"ನಿಮ್ಮ ವರದಿ ನಿನ್ನೆನೇ ಬರೆದು ಮುಗಿಸೀನಿ ಚಂದ್ರಶೇಖರಪ್ಪ. ಖಾಯಂ ಆಗ್ತದೆ, ಹೆದರಬ್ಯಾಡ್ರಿ. ನಡತೆ ಕಾಲಂನಾಗೆ ‘ಉತ್ತಮ’ ಅಂತ ಹಾಕೀನಿ. ಆದ್ರೆ ‘ಕೆಲಸದಲ್ಲಿ ಚುರುಕು’ ಅಂತ ಇನ್ನೊಂದು ಕಾಲಂ ಐತಿ ನೋಡ್ರಿ, ಅಲ್ಲಿ ಸುಳ್ಳು ಬರಿಯಾಕೆ ನನ್ನ ಕೈಲಿ ಆಗ್ಲಿಲ್ಲ. ಎರಡು ಗೆಡ್ಡೆ ಎತ್ತಾಕೆ ಮೂರು ದಿವಸ ನನ್ನನ್ನ ಬಿಸಿಲಾಗೆ ಕೂರಿಸಿ ಸುಳ್ಳು ಗೊರಕೆ ಹೊಡೆಸಿದ್ರಲ್ರೀ!"