ಅತ್ತೆಯ ಫ್ಲಾಸ್ಕಿನಲ್ಲಿ ನನ್ನ ಹಲ್ಲು

ಹಲ್ಲಿನ ಮೇಲೆ ಕೂತ ಚಹಾದ ಕಲೆಯನ್ನು ತೆಗೆಯುವುದು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳಿಗೆ ಒಂದು ಕೆಲಸವೇ ಅಲ್ಲ. ಇದು ನನ್ನ ದೃಢ ನಂಬಿಕೆಯಾಗಿತ್ತು. ನಂಬಿಕೆ ಈಗಲೂ ಇದೆ. ದೃಢತೆ ಹೋಗಿದೆ.

ಹಾನಗಲ್ಲಿನಿಂದ ಮದುವೆಯಾಗಿ ಹಿರೇಕೆರೂರಿಗೆ ಬಂದಾಗ ನನ್ನವು ಸಾಮಾನ್ಯ ಹಲ್ಲುಗಳೇ. ಆದರೆ ನಮ್ಮ ಅತ್ತೆಯದು ಸಾಮಾನ್ಯ ಚಹಾ ಅಲ್ಲ. ಅದು ಕುದಿದು ಕುದಿದು ಮೊದಲು ಜೇನಿನ ಬಣ್ಣ, ಆಮೇಲೆ ಇಟ್ಟಂಗಿಯ ಬಣ್ಣ, ಕೊನೆಗೆ ಮಳೆ ಬಿದ್ದ ಕೆಂಪು ಹೊಲದ ಬಣ್ಣಕ್ಕೆ ಬರುವ ತನಕ ಅವರು ಒಲೆ ಸಣ್ಣ ಮಾಡುವುದಿಲ್ಲ. ಶುಂಠಿ, ಯಾಲಕ್ಕಿಯ ಆ ಹಬೆಯಲ್ಲಿ ಮುಖ ಇಟ್ಟುಕೊಂಡರೆ ನಾನು ಎಲ್ಲೆಲ್ಲೋ ಹೋಗಿಬಿಡುತ್ತಿದ್ದೆ. ಮಂಜು ಮುಸುಕಿದ ಕೆರೆ, ಅದರ ಆಚೆ ಹೆಸರಿಲ್ಲದ ಒಂದು ಊರು, ಅಲ್ಲಿ ಯಾರೂ ಯಾರನ್ನೂ ಮಾತಾಡಿಸದ ಒಂದು ಬೀದಿ. ನಡೆದಾಡಿ ವಾಪಸ್ ಬರುವಷ್ಟರಲ್ಲಿ ಕಪ್ಪು ಖಾಲಿಯಾಗಿರುತ್ತಿತ್ತು. ಅತ್ತೆ ಮತ್ತೆ ತುಂಬುತ್ತಿದ್ದರು.

ಒಂದು ಬೆಳಿಗ್ಗೆ ಕನ್ನಡಿಯಲ್ಲಿ ನೋಡಿಕೊಂಡೆ. ಚಹಾದ ಪಾತ್ರೆಯ ಒಳಗೆ ಎಷ್ಟು ತಿಕ್ಕಿದರೂ ಹೋಗದ ಗೆರೆ ಇರುತ್ತದಲ್ಲ, ಅದು ನನ್ನ ಹಲ್ಲಿಗೂ ಬಂದಿತ್ತು!

ಊರಿಗೆಲ್ಲ ಹೇಳಿಕೊಳ್ಳುವ ಸ್ವಭಾವ ನನ್ನದಲ್ಲ. ಗಂಡನಿಗೆ ಮಾತ್ರ ಹೇಳಿದೆ.

“ಲಿಂಬಿಹಣ್ಣು ತಿಕ್ಕು,” ಅಂದರು ಅವರು, ಮೊಬೈಲಿನಿಂದ ಕಣ್ಣೆತ್ತದೆ.

“ಹಲ್ಲೇನು ತಾಮ್ರದ ಕೊಡ ಏನ್ರಿ?”

“ಹಂಗಾರ ಸೋಡಾ ಪುಡಿ ತಿಕ್ಕು. ಇಲ್ಲಾ ಒಲಿಯಾಗಿನ ಇದ್ಲಿ. ನಮ್ಮಜ್ಜ ಇದ್ಲಿ ತಿಕ್ಕತಿದ್ದ.”

“ಅಜ್ಜನ ಹಲ್ಲು ಹೆಂಗಿದ್ದೂ?”

ಅವರು ಈಗ ಕಣ್ಣೆತ್ತಿದರು. “ನಾ ನೋಡೂದ್ರಾಗ ಇರಲಿಲ್ಲ,” ಅಂದರು.

ಪ್ರಯೋಗ ಮಾಡದೆ ಒಂದು ಔಷಧವನ್ನು ಸ್ವಂತ ಹಲ್ಲಿನ ಮೇಲೆ ಹಾಕಿಕೊಳ್ಳುವುದು ನನ್ನ ವಿದ್ಯೆಗೆ ಅವಮಾನ. ಹಲ್ಲಿನ ಬದಲಿಗೆ ಹಲ್ಲಿನಂಥದೇ ಒಂದು ವಸ್ತು ಬೇಕು. ಬೆಳ್ಳಗಿರಬೇಕು, ಸುಣ್ಣದಂಶ ಇರಬೇಕು, ಚಹಾದ ಬಣ್ಣ ಹಿಡಿಯಬೇಕು. ಲೋಕದಲ್ಲಿ ಅಂಥ ವಸ್ತು ಒಂದಿದೆ, ಅಗ್ಗವಾಗಿಯೂ ಸಿಗುತ್ತದೆ. ಕೋಳಿ ಮೊಟ್ಟೆ!

ಇಲ್ಲಿ ನಮ್ಮ ಮನೆಯ ಬಗ್ಗೆ ಹೇಳಬೇಕು. ಅತ್ತೆ ದಿನಾ ಲಿಂಗಪೂಜೆ ಮಾಡಿಯೇ ನೀರು ಮುಟ್ಟುವವರು. ಮೊಟ್ಟೆ ಎಂಬ ವಸ್ತುವಿಗೆ ನಮ್ಮ ಮನೆಯಲ್ಲಿ ಪ್ರವೇಶವಿಲ್ಲದಿರುವುದು ಹಾಗಿರಲಿ, ಹೆಸರೇ ಇಲ್ಲ. ಅತ್ತೆ ಅದನ್ನು ‘ಅದು’ ಅನ್ನುತ್ತಾರೆ. ಗಂಡನ ಹುಟ್ಟುಹಬ್ಬಕ್ಕೆ ತಂದ ಕೇಕನ್ನು “ಇದರಾಗ ಅದು ಇಲ್ಲಂತ ಬೇಕರಿಯಂವ ಆಣಿ ಮಾಡ್ಯಾನೇನು?” ಎಂದು ಕೇಳಿ ವಾಪಸ್ ಕಳಿಸಿದ್ದರು. ಮಧ್ಯಾಹ್ನದ ಚಹಾ ಮಾತ್ರ ಅವರಿಗೆ ಸೊಸೆಯ ಕೈಯದೇ ಆಗಬೇಕಿತ್ತು. ಮಧ್ಯಾಹ್ನ ಮಲಗಿ ಎದ್ದವರೇ “ಶೈಲಾ, ನಿನ್ನ ಕೈಲೆ ಒಂದೀಟು ಚಾ ಇಡವಾ” ಅನ್ನುತ್ತಿದ್ದರು. ಹೆಚ್ಚು ಮಾತಿಲ್ಲದ ನನಗೂ ಅವರಿಗೂ ನಡುವೆ ಇದ್ದ ಸಲಿಗೆ ಅದೊಂದೇ.

ಅದನ್ನೇ ನಾನು ಪಣಕ್ಕಿಟ್ಟೆ. ಆಗ ಹಾಗನ್ನಿಸಲಿಲ್ಲ. ವಿಜ್ಞಾನ ಎಂದುಕೊಂಡಿದ್ದೆ.

ಗೆಳತಿ ರುಬೀನಾ ಸವಣೂರಿನವಳು. ಇಲ್ಲಿ ಶಾಲೆಯ ಶಿಕ್ಷಕಿ, ನಮ್ಮ ಹಿಂದಿನ ಓಣಿಯಲ್ಲೇ ಬಾಡಿಗೆಗೆ ಇದ್ದಾಳೆ. ಅವಳ ಮನೆಗೆ ಹೋಗಿ ಮೆಲ್ಲಗೆ ವಿಷಯ ತೆಗೆದೆ.

“ತತ್ತಿ? ನಿನಗ?” ಅವಳು ಬಾಗಿಲು ಹಾಕಿಬಂದಳು. “ಅರೆ, ಕುಂದರು. ಬಿಸಿ ಆಮ್ಲೆಟ್ ಹಾಕ್ತೇನಿ. ಯಾರಿಗೂ ಹೇಳಂಗಿಲ್ಲ ತಗೋ.”

“ತಿನ್ನಾಕಲ್ಲ. ಹಲ್ಲಿಗೆ.”

“ಹಲ್ಲಿಲೇ ತಿನ್ನೂದದು!”

ಪೂರ್ತಿ ವಿವರಿಸಿದೆ. ಅವಳು ಕೆನ್ನೆ ಕೆನ್ನೆ ಬಡಿದುಕೊಂಡು “ತೋಬಾ, ತೋಬಾ, ಇಷ್ಟ ಓದಬಾರದವಾ ಹೆಣ್ಣು ಹುಡುಗಿ” ಅಂದಳು. ಆದರೂ ಕುದಿಸಿ, ಟಿಫಿನ್ ಡಬ್ಬಿಯಲ್ಲಿಟ್ಟು, ಮೇಲೆ ಸವಣೂರಿನ ವೀಳ್ಯದೆಲೆ ಮುಚ್ಚಿ ಕೊಟ್ಟಳು. ಮನೆಗೆ ಬಂದು ತೆರೆದು ನೋಡಿದರೆ ಅವಳು ಪ್ರೀತಿಯಿಂದ ನಾಟಿ ಕೋಳಿಯ ಮೊಟ್ಟೆ ಕೊಟ್ಟಿದ್ದಳು. ಅವು ಹುಟ್ಟುತ್ತಲೇ ಚಹಾದ ಬಣ್ಣ! ಮತ್ತೆ ಹೋಗಿ ಫಾರ್ಮಿನ ಬಿಳಿ ಮೊಟ್ಟೆ ಕುದಿಸಿಕೊಂಡು ತಂದೆ.

ಮಾಳಿಗೆಯ ಮೇಲೆ, ಹಳೆಯ ಚೀಲಗಳ ಹಿಂದೆ ನನ್ನ ಪ್ರಯೋಗಾಲಯ ಶುರುವಾಯಿತು. ಹಾಲಿಲ್ಲದ ಚಹಾದಲ್ಲಿ ಒಂದು ದಿನ ಮುಳುಗಿದ್ದ ಮೊಟ್ಟೆಗಳು ಮುಸ್ಸಂಜೆಯ ಚಂದ್ರನಂತೆ ಕಂದಾಗಿ ಹೊರಬಂದವು. ಇದ್ದಿಲು ತಿಕ್ಕಿದ್ದು ಗೀರು ಗೀರಾಯಿತು. ಲಿಂಬೆರಸ ಬಿದ್ದದ್ದು ಬುಸ್ ಎಂದು ನೊರೆ ಉಕ್ಕಿಸಿತು. ಕಲೆಯೇನೋ ಹೋಯಿತು, ಅದರ ಜೊತೆಗೆ ಸಿಪ್ಪೆಯೂ ಕರಗತೊಡಗಿತು. ಗಂಡನ ಸಲಹೆ ಕೇಳಿದ್ದರೆ ನನ್ನ ಗತಿ ಅಜ್ಜನ ಗತಿಯೇ!

ಉಳಿದದ್ದು ಒಂದೇ ಪ್ರಶ್ನೆ. ಹಾಲು ಹಾಕಿದ ಚಹಾ ಕಲೆಯನ್ನು ಕಡಿಮೆ ಮಾಡುತ್ತದೆಯೇ? ನಾವು ಚಹಾ ಕುಡಿಯುವುದು ಬಿಸಿಬಿಸಿಯಾಗಿ. ಆದ್ದರಿಂದ ಪ್ರಯೋಗವೂ ಬಿಸಿಯಾಗಿಯೇ ನಡೆಯಬೇಕು. ಅಡುಗೆಮನೆಯಲ್ಲಿ ಅಗಲ ಬಾಯಿಯ ಒಂದು ಫ್ಲಾಸ್ಕ್ ಇತ್ತು. ಭಾನುವಾರ ಬೆಳಿಗ್ಗೆ ಅತ್ತೆಯದೇ ವಿಧಾನದಲ್ಲಿ ಚಹಾ ಮಾಡಿ, ಫ್ಲಾಸ್ಕಿಗೆ ಸುರಿದು, ಒಂದು ಬಿಳಿ ಮೊಟ್ಟೆಯನ್ನು ಮೆಲ್ಲಗೆ ಇಳಿಬಿಟ್ಟೆ. ಮಾಳಿಗೆಗೆ ಒಯ್ಯಬೇಕಿತ್ತು. ಅಷ್ಟರಲ್ಲಿ ಲಿಂಬೆರಸದ ಮೊಟ್ಟೆ ಏನಾಯಿತೋ ನೋಡಿಬರೋಣ ಎಂದು ಬರಿಗೈಯಲ್ಲೇ ಮೇಲೆ ಹೋದೆ.

ಅದು ಇನ್ನೂ ಸಣ್ಣಗೆ ನೊರೆ ಬಿಡುತ್ತಿತ್ತು. ಬೆಳಕಿಂಡಿಯಿಂದ ಬಿಸಿಲ ಕೋಲು ಇಳಿದು ಒಂದೊಂದು ಗುಳ್ಳೆಯಲ್ಲೂ ಒಂದು ಕಾಮನಬಿಲ್ಲು. ಗುಳ್ಳೆ ಏರುತ್ತಿತ್ತು, ಒಡೆಯುತ್ತಿತ್ತು. ನನಗೆ ನಾನೇ ಬಾಯಿತುಂಬ ನಗುತ್ತಿರುವಂತೆ ಕಂಡಿತು. ಯಾವುದೋ ದೊಡ್ಡ ಅಂಗಳ, ಬೆಳ್ಳನೆಯ ನಗು, ಆ ನಗುವಿನ ಬೆಳಕಿಗೆ ಜನ ಕಣ್ಣು ಕಿರಿದು ಮಾಡಿಕೊಳ್ಳುತ್ತಿದ್ದಾರೆ. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ ತಿಳಿಯದು. ಕೆಳಗೆ ದನಿ ಕೇಳಿಸಿತು.

ಚಿಕ್ಕೇರೂರಿನಿಂದ ಅತ್ತೆಯ ಅಕ್ಕ ಬಂದಿದ್ದರು. ನಾವೆಲ್ಲ ಅವರಿಗೆ ದೊಡ್ಡವ್ವ ಅನ್ನುತ್ತೇವೆ.

“ನನ್ನ ಸೊಸಿ ನೋಡಕ್ಕ, ನೀ ಬರ್ತಿ ಅಂತ ಕನಸು ಬಿದ್ದವರಂಗ ಮೊದ್ಲ ಚಾ ಮಾಡಿ ಫ್ಲಾಸ್ಕಿಗೆ ಹಾಕಿಟ್ಟಾಳ!” ಇದು ಅತ್ತೆಯ ದನಿ. ಅಷ್ಟು ಹೆಮ್ಮೆಯ ದನಿಯನ್ನು ನಾನು ಅವರಲ್ಲಿ ಕೇಳಿರಲೇ ಇಲ್ಲ.

“ಚಾ ಭಾಳ ಚಂದ ಆಗೇತವಾ. ಇನ್ನೊಂದೀಟು ಹಾಕು.”

ನಾನು ಮೆಟ್ಟಿಲು ಇಳಿದೆನೋ ಬಿದ್ದೆನೋ ನೆನಪಿಲ್ಲ. ಮೊದಲ ಸುತ್ತಿನ ಚಹಾ ಆಗಲೇ ಇಬ್ಬರ ಒಳಗೆ ಹೋಗಿತ್ತು. ಎರಡನೆಯ ಸುತ್ತಿಗೆ ಅತ್ತೆ ಫ್ಲಾಸ್ಕ್ ಬಗ್ಗಿಸಿದರು. ಚಹಾ ಬರಲಿಲ್ಲ. ಅಲ್ಲಾಡಿಸಿದರು. ಗುಳುಂ ಎಂದು ಶಬ್ದವಾಯಿತು. ಇನ್ನೊಮ್ಮೆ ಅಲ್ಲಾಡಿಸಿದಾಗ ‘ಅದು’ ದೊಡ್ಡವ್ವನ ಕಪ್ಪಿಗೆ ಬಂದು ಕೂತಿತು.

ದೊಡ್ಡವ್ವ ಬಾಗಿ ನೋಡಿದರು. “ಯವ್ವಾ, ಜಾಮೂನು! ಅಕ್ಕಿಆಲೂರು ಮದವಿಯೊಳಗ ಬಾಸುಂದಿಗೆ ಹಾಕಿದ್ರು. ಈಗ ಚಾಕ್ಕೂ ಹಾಕ್ತಾರ ಕಾಣ್ತೈತಿ.” ಚಮಚದಿಂದ ತಟ್ಟಿದರು. ಟಕ್ ಟಕ್. “ಪಾಕ ಒಂದೀಟು ಗಟ್ಟಿ ಆಗೇತಿ. ಇರ್ಲಿ, ನನ್ನ ಹಲ್ಲು ಗಟ್ಟಿ ಅದಾವ.”

ಎತ್ತಿ ಬಾಯಿಗೆ ಒಯ್ದರು.

ಜೀವಮಾನದಲ್ಲಿ ಎಂದೂ ದನಿ ಏರಿಸದ ನಾನು ಕಿರುಚಿದೆ: “ತಿನ್ನಬ್ಯಾಡ್ರೀ! ಅದು ನನ್ನ ಹಲ್ಲು!”

ದೊಡ್ಡವ್ವನ ಕೈಯಿಂದ ಚಮಚ ಜಾರಿತು. ನನ್ನ ಹಲ್ಲು ನೆಲಕ್ಕೆ ಬಿದ್ದು, ಉರುಳಿ, ದೇವರ ಕೋಣೆಯ ಹೊಸ್ತಿಲಿಗೆ ಬಡಿದು ಎರಡು ಹೋಳಾಯಿತು. ಒಳಗೆ ಬಿಳಿ. ಅದರೊಳಗೆ ಹಳದಿ.

“ತತ್ತಿ,” ಅಂದರು ಅತ್ತೆ. ಆ ಮನೆಯಲ್ಲಿ ಆ ಶಬ್ದ ಮೊದಲ ಸಲ ಕೇಳಿಬಂತು.

ಚಹಾ ಕುಡಿದ ತಕ್ಷಣ ಶುದ್ಧ ನೀರಿನಿಂದ ಬಾಯಿ ಮುಕ್ಕಳಿಸುವುದು ಕಲೆ ತಡೆಯಲು ಉತ್ತಮ ಮಾರ್ಗ ಎಂದು ತಿಳಿದವರು ಹೇಳುತ್ತಾರೆ. ಅಂದು ನಮ್ಮ ಮನೆಯಲ್ಲಿ ಎಲ್ಲರೂ ಅದನ್ನು ಚಾಚೂ ತಪ್ಪದೆ ಪಾಲಿಸಿದರು. ಹಿತ್ತಲಿನ ತೊಟ್ಟಿಯೇ ಬರಿದಾಯಿತು!

ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನೆಲ ಸಾರಿಸಿದರು, ತಲೆಗೆ ಸ್ನಾನ ಮಾಡಿದರು, ಫ್ಲಾಸ್ಕನ್ನು ತಿಪ್ಪೆಗೆ ಎಸೆದರು. ಮರುದಿನದಿಂದ ತಮ್ಮ ಪಾಲಿನ ಚಹಾವನ್ನು ಬೇರೆ ಸಣ್ಣ ಪಾತ್ರೆಯಲ್ಲಿ ತಾವೇ ಮಾಡಿಕೊಳ್ಳತೊಡಗಿದರು. ಮಧ್ಯಾಹ್ನ ಎದ್ದಾಗ ಶೈಲಾ ಎಂಬ ಕರೆ ಇಲ್ಲ. ಹಬೆಯಲ್ಲಿ ಮುಖ ಇಟ್ಟರೆ ಕೆರೆಯೂ ಕಾಣಲಿಲ್ಲ, ಊರೂ ಕಾಣಲಿಲ್ಲ. ಬರೀ ಹಬೆ.

ಕೊನೆಗೆ ತಡೆಯಲಾರದೆ ಅವರ ಮುಂದೆ ಹೋಗಿ ಕೂತು ಬಾಯಿ ತೆರೆದೆ. ಮಾತಿಗಲ್ಲ, ತೋರಿಸುವುದಕ್ಕೆ.

“ಅತ್ತಿ, ನಾ ಅದನ್ನ ತಿಂದಿಲ್ರಿ. ಈ ಕಲಿ ತಗ್ಯಾಕ ತಂದಿದ್ದೆ.”

ಅತ್ತೆ ಕನ್ನಡಕ ಹಾಕಿಕೊಂಡು ನೋಡಿದರು. “ಇದು ಯಾತರ ಕಲಿ?”

“ಚಾದ್ದು.”

“ಯಾರು ಮಾಡಿದ ಚಾದ್ದು?”

ನಾನು ಬಾಯಿ ಮುಚ್ಚಿದೆ.

“ಅಂದ್ರ ತತ್ತಿ ತಂದಾಕಿ ನೀನು, ತಪ್ಪು ನನ್ನ ಚಾದ್ದು!” ಅಂದರು ಅತ್ತೆ. ಆಮೇಲೆ ಕನ್ನಡಕ ತೆಗೆದಿಟ್ಟು, “ಹಲ್ಲಿನ ದವಾಖಾನಿಗೆ ಹೋಗೂಣು ಬಾ. ಈ ಊರಾಗ ಬ್ಯಾಡ, ಮಂದಿ ಏನಾತು ಅಂತ ಕೇಳ್ತಾರ. ಹಾನಗಲ್ಲಿಗೆ ಹೋಗೂಣು.”

ಬಸ್ಸಿನಲ್ಲಿ ನನಗೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಗೋವಿನಜೋಳದ ಹೊಲಗಳು ಹಸಿರು ನಿದ್ದೆಯಂತೆ ಹಿಂದೆ ಸರಿಯುತ್ತಿದ್ದವು. ಅತ್ತೆಯ ತಲೆ ತೂಕಡಿಸಿ ಒಮ್ಮೆ ನನ್ನ ಹೆಗಲಿಗೆ ತಾಗಿತು. ಎಚ್ಚರಾಗಿ ತೆಗೆದುಕೊಂಡರು. ಹಾನಗಲ್ಲು ಇನ್ನಷ್ಟು ದೂರ ಇರಬಾರದಿತ್ತೇ ಅನ್ನಿಸಿತು.

ಡಾಕ್ಟರು ಕುರ್ಚಿಯಲ್ಲಿ ಮಲಗಿಸಿ, ಯಂತ್ರ ಹಿಡಿದು ಗುಂಯ್ ಎನ್ನಿಸಿದರು. ಕಲೆ ಹೋಯಿತು. ಅಷ್ಟೇ! “ಚಾ ಕಡಿಮಿ ಮಾಡ್ರಿ, ಕುಡಿದ ಮ್ಯಾಲ ನೀರು ಮುಕ್ಕಳಿಸ್ರಿ, ಕುಡಿದ ಕೂಡ್ಲೆ ಬ್ರಶ್ ಮಾಡಬ್ಯಾಡ್ರಿ,” ಅಂದು, “ಮನ್ಯಾಗ ಏನಾದರೂ ಹಚ್ಚೀರೇನು?” ಎಂದು ಕೇಳಿದರು. ಅತ್ತೆ ಇದ್ದರೂ ಸುಳ್ಳು ಹೇಳಲಾಗಲಿಲ್ಲ. ಮೊಟ್ಟೆಯ ಕಥೆ ಹೇಳಿದೆ.

ಡಾಕ್ಟರು ಜೋರಾಗಿ ನಕ್ಕರು. “ಬರೋಬ್ಬರಿ ಮಾಡೀರಿ! ಮಂದಿ ನೆಟ್ಟಗ ಹಲ್ಲಿಗೇ ಲಿಂಬಿಹಣ್ಣು ತಿಕ್ಕೊಂಡು, ಹಲ್ಲು ಸವಸ್ಕೊಂಡು ಬರ್ತಾರ. ನಿಮ್ಮ ಸೊಸಿ ಶಾಣ್ಯಾಕಿ ಅದಾಳ್ರೀ, ಅಮ್ಮಾರ.”

ಅತ್ತೆ ಡಾಕ್ಟರ ಫೀಸನ್ನು ತಾವೇ ಎಣಿಸಿಕೊಟ್ಟರು. ಬಸ್ ಸ್ಟ್ಯಾಂಡಿನಲ್ಲಿ ನನ್ನ ಬಾಯಿ ನೋಡಿ “ಭಾಳ ಬೆಳ್ಳಗಾಗ್ಯಾವ, ಥೇಟ್...” ಅಂದವರು ಏನೋ ನೆನಪಾಗಿ ಮುಖ ತಿರುಗಿಸಿದರು.

ಮರುದಿನ ಮಧ್ಯಾಹ್ನ ಅತ್ತೆ ಮಲಗಿ ಎದ್ದು ಹಾಸಿಗೆ ಸುತ್ತಿಟ್ಟರು. ಆಮೇಲೆ ಗೋಡೆಯ ಕಡೆ ನೋಡುತ್ತ ಅಂದರು: “ಶೈಲಾ, ನಿನ್ನ ಕೈಲೆ ಒಂದೀಟು ಚಾ ಇಡವಾ.”

ನಾನು ಓಡಿದೆ. ಶುಂಠಿ ಜಜ್ಜಿ ಹಾಕಿದೆ. ಕಪ್ಪು ತಂದು ಮುಂದಿಟ್ಟೆ. ಅತ್ತೆ ಅದನ್ನು ಕೈಗೆತ್ತಿಕೊಂಡರು. ಮೊದಲ ಗುಟುಕಿಗೆ ಮುಂಚೆ ಪಕ್ಕದಲ್ಲಿ ಇಟ್ಟುಕೊಂಡಿದ್ದ ಚಮಚವನ್ನು ಇಳಿಬಿಟ್ಟು, ತಳದ ತನಕ, ನಿಧಾನವಾಗಿ ಒಂದು ಸುತ್ತು ತಿರುವಿದರು.

“ಸಕ್ರಿ ಹಾಕೇನ್ರಿ ಅತ್ತಿ,” ಅಂದೆ.

“ಸಕ್ರಿ ಅಲ್ಲವಾ, ನಿನ್ನ ಹಲ್ಲು ಹುಡಕಾಕತ್ತೇನಿ.”

ಈಗಲೂ ದಿನಾ ಹುಡುಕುತ್ತಾರೆ. ಮೌಖಿಕ ಪರೀಕ್ಷೆಯ ಫಲಿತಾಂಶ ಕಾಯುವ ವಿದ್ಯಾರ್ಥಿನಿಯಂತೆ ನಾನು ಎದುರಿಗೆ ನಿಂತಿರುತ್ತೇನೆ. ಚಮಚ ತಳ ಮುಟ್ಟಿ ಬರಿದಾಗಿ ಮೇಲೆ ಬಂದರೆ ಪಾಸು!