ಮದಾಂ ದುಪ್ರೇಲರ ಕೈಗಳು

ಚಿತ್ರಕಾರ ಬಾಜೀಲನ ತಾಪತ್ರಯಕ್ಕೆಲ್ಲ ಕಾರಣ ಎರಡು ಕೈ. ಮದಾಂ ದುಪ್ರೇಲರ ಭಾವಚಿತ್ರದಲ್ಲಿ ಮುಖ, ಮುತ್ತಿನ ಹಾರ, ರೇಷ್ಮೆ ಗೌನು ಎಲ್ಲ ಮುಗಿದಿತ್ತು. ಕೈ ಬರೆಯಬೇಕಾದ ದಿನವೇ ಆಕೆ, "ಇವತ್ತು ಕುದುರೆ ರೇಸಿದೆ. ಕೈ ಹೇಗಾದ್ರೂ ನೀವೇ ಬರ್ಕೊಂಡು ಸಂಜೆ ಔತಣಕ್ಕೆ ಚಿತ್ರ ತನ್ನಿ" ಎಂದು ಹೇಳಿ ಕಳಿಸಿದರು.

ಪ್ಯಾರಿಸ್ಸಿನಲ್ಲಿ ಚಿತ್ರಕಾರರಿಗೇನು ಬರವಿಲ್ಲ. ಬರವಿರುವುದು ದುಡ್ಡು ಬಿಚ್ಚುವವರಿಗೆ. ಮದಾಂ ಅವರ ಗಂಡ ಮುಸ್ಯೋ ದುಪ್ರೇಲ್ ಯುದ್ಧಕಾಲದಲ್ಲಿ ಸೈನಿಕರಿಗೆ ಕೈಗವಸು ಹೊಲಿಸಿ ಕೋಟ್ಯಧೀಶನಾದವನು. ಯಾವುದೋ ಕೆಲಸಕ್ಕೆ ಬಾಜೀಲನ ಕೋಣೆಯಿದ್ದ ಕಟ್ಟಡಕ್ಕೆ ಬಂದಾಗ ಮೆಟ್ಟಿಲ ಬಳಿ ಅವನ ಚಿತ್ರಗಳನ್ನು ಕಂಡು ಹೆಂಡತಿಗೆ ಹೇಳಿದ್ದ. ಭಾವಚಿತ್ರ ಮುಸ್ಯೋಗೆ ಮೆಚ್ಚುಗೆಯಾದರೆ ಬಾಜೀಲನ ಮೊದಲ ಪ್ರದರ್ಶನ ಅವರ ಖರ್ಚಿನಲ್ಲಿ. ಇಲ್ಲದಿದ್ದರೆ ಮತ್ತೆ ಬಿಸ್ಕತ್ತು ಡಬ್ಬಿಗಳ ಮೇಲೆ ಬೆಕ್ಕು ಬರೆಯುವುದೇ ಗತಿ.

"ಅದಕ್ಯಾಕೆ ಅಳ್ತೀಯ? ನನ್ ಕೈ ಬರಿ" ಎಂದು ಕಟ್ಟಡದ ಬಾಗಿಲು ಕಾಯುವ ಮದಾಂ ತಿಸ್ಸೋ ಕೂತೇಬಿಟ್ಟಳು. ಬರೆದ. ಮುತ್ತಿನ ಹಾರದ ಕೆಳಗೆ ಎರಡು ಬೀಟ್‌ರೂಟ್ ಇಟ್ಟಂತಾಯಿತು.

"ಹಂಗಾದ್ರೆ ಮೂರನೇ ಮಹಡಿ ಸೊಲಾಂಜಳನ್ನ ಎಳ್ಕೊಂಡ್ ಬರ್ತೀನಿ ಇರು. ಅವಳ ಬೆರಳು ಬೆಣ್ಣೆ ಕಣಯ್ಯ. ಕೆಲಸ ಅಂತ ಮಾಡಿದ್ದು ಒಂದಿನಾನೂ ನಾ ಕಾಣೆ."

ಸೊಲಾಂಜ್ ಆಕಳಿಸುತ್ತಾ ಬಂದು ಕೂತಳು. ಬಾಜೀಲನಿಗೆ ಊಟವೂ ಮರೆತುಹೋಯಿತು. ಅಷ್ಟು ಚೆಂದದ ಕೈಗಳನ್ನು ಅವನು ಹಿಂದೆಂದೂ ಬರೆದಿರಲಿಲ್ಲ. ಬಣ್ಣ ಆರುವ ಮೊದಲೇ ಚಿತ್ರವನ್ನು ಟ್ಯಾಕ್ಸಿಗೆ ಹಾಕಿಕೊಂಡು ಓಡಿದ.

ಔತಣದಲ್ಲಿ ಪರದೆ ಸರಿಸಿದ್ದೇ ತಡ, ಅತಿಥಿಗಳೆಲ್ಲ ಚಪ್ಪಾಳೆ ಹೊಡೆದರು. "ಕೈ ನೋಡಿ, ಕೈ" ಎಂದರು. ಬಾಜೀಲನ ಎದೆ ಉಬ್ಬಿತು. ಮುಸ್ಯೋ ಹತ್ತಿರ ಬಂದು ಕೈಗಳನ್ನೇ ನೋಡಿದ. ಜೀವಮಾನವೆಲ್ಲ ಕೈ ಅಳೆದವನು. ನೋಡನೋಡುತ್ತ ಅವನ ಮುಖ ಕೆಂಪೇರಿತು.

"ಏನಯ್ಯಾ, ಮೂರನೇ ಮಹಡಿಯವಳು ನಿನ್ನ ಕೋಣೆಗೆ ಯಾಕೆ ಬಂದಿದ್ಲು?"

"ಯಾವಳು?" ಎಂದರು ಮದಾಂ.

ಅತಿಥಿಗಳು ಕುರ್ಚಿಗಳನ್ನು ಹತ್ತಿರಕ್ಕೆ ಎಳೆದುಕೊಂಡರು.

"ಯಾರೂ ಇಲ್ಲ" ಎಂದು ಮುಸ್ಯೋ ತೊದಲಿದ.

"ನನ್ನ ಕೈ ಏಳನೇ ನಂಬರು. ಇದು ಆರೂ ಇಲ್ಲ. ಕೈಗವಸಿನವನ ಹೆಂಡತಿ ನಾನು, ನಂಗೂ ಅಳತೆ ಗೊತ್ತು. ಮದುವೆಯಾದಾಗಿನಿಂದ ನನ್ನ ಕೈ ಒಂದ್ಸಲ ಹೀಗೆ ನೋಡಿದ್ದೀರಾ?"

ಮುಂದಿನದನ್ನು ಕೇಳಲು ಬಾಜೀಲನಿಗೆ ಅವಕಾಶವಾಗಲಿಲ್ಲ. ಇಬ್ಬರು ಆಳುಗಳು ಅವನನ್ನು ಚಿತ್ರದ ಸಮೇತ ಬೀದಿಗೆ ನೂಕಿದರು.

ಮನೆಗೆ ಬಂದು ತಲೆಮೇಲೆ ಕೈಹೊತ್ತು ಕೂತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಸಾಕ್ಷಾತ್ ಮದಾಂ ದುಪ್ರೇಲ್.

"ಅವನನ್ನ ಬಿಟ್ಟು ಬಂದೆ. ನಿಮ್ಮ ಕಲೆ ನನ್ನ ಕಣ್ಣು ತೆರೆಸ್ತು. ಇನ್ಮೇಲೆ ನಿಮ್ಮ ಕೈ ಬಿಡಲ್ಲ ನಾನು."

ಬಾಜೀಲನಿಗೆ ಕುಣಿಯುವಷ್ಟು ಸಂತೋಷವಾಯಿತು. "ಹಾಗಾದ್ರೆ ಪ್ರದರ್ಶನ?"

"ಮಾಡೋಣ ಮಾಡೋಣ. ದುಡ್ಡೆಲ್ಲ ಅವನ ಹೆಸರಲ್ಲಿದೆ, ಅದಕ್ಕೊಂದು ದಾರಿ ನೀವೇ ನೋಡ್ಕೊಳ್ಳಿ" ಎನ್ನುತ್ತ ಮದಾಂ ತಮ್ಮ ಪೆಟ್ಟಿಗೆಯನ್ನು ಒಳಗೆಳೆದುಕೊಂಡು ಕೋಣೆಯ ಒಂದೇ ಒಂದು ಮಂಚದ ಮೇಲೆ ಕೂತರು. "ರಾತ್ರಿ ಊಟಕ್ಕೇನು?"